ಆರ್ಡರ್ ಮಾಡಿದ ಪ್ರೊಸೆಸರ್ ಬಿಟ್ಟು ಬೇರೆಯದನ್ನು ಕೂರಿಸಿಕೊಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮಳಿಗೆ, ಹಂಪನಕಟ್ಟೆ, ಮಂಗಳೂರು

ಮಾನ್ಯರೇ,

ನನ್ನ ತಮ್ಮನಿಗಾಗಿ ನಿಮ್ಮಲ್ಲಿ ಜೋಡಿಸಿದ ಗೇಮಿಂಗ್ ಕಂಪ್ಯೂಟರಿಗೆ ನಾನು ಆರ್ಡರ್ ಮಾಡಿದ್ದು ಎಎಂಡಿಯ ರೈಝೆನ್ 5 5600 ಪ್ರೊಸೆಸರ್. ನೀವು ಕೂರಿಸಿರುವುದು ರೈಝೆನ್ 5 5500. ಹಣವನ್ನು ಮಾತ್ರ 5600ರ ದರದಲ್ಲಿಯೇ ಪಡೆದಿದ್ದೀರಿ. ಈ ಬಗ್ಗೆ ದೂರವಾಣಿಯಲ್ಲಿ ವಿನಯದಿಂದ ಕೇಳಿದಾಗಲೆಲ್ಲ, ಜೋಡಿಸಿದವರು ಹೊರಗೆ ಹೋಗಿದ್ದಾರೆ, ಬಂದ ಮೇಲೆ ತಿಳಿಸುತ್ತೇವೆ ಎಂಬ ಉತ್ತರ ಬಂದಿತೇ ಹೊರತು ಯಾರೂ ತಿಳಿಸಲಿಲ್ಲ. ಆದ್ದರಿಂದ ಈ ಪತ್ರ.

ದಾಸ್ತಾನಿನಲ್ಲಿ ಇಲ್ಲದ ಬಿಡಿಭಾಗಕ್ಕೆ ಬದಲಿ ಹಾಕುವ ಮೊದಲು ಗ್ರಾಹಕರ ಒಪ್ಪಿಗೆ ಪಡೆಯಲಾಗುವುದು ಎಂದು ನಿಮ್ಮ ಕೊಟೇಶನ್ ಹಾಳೆಯ ಹಿಂಬದಿಯಲ್ಲಿ ನೀವೇ ಮುದ್ರಿಸಿದ್ದೀರಿ. ಆ ನಿಯಮವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಕೊಟೇಶನ್ನಿನಲ್ಲಿ 5600 ಎಂದು ಸ್ಪಷ್ಟವಾಗಿದ್ದದ್ದು ಬಿಲ್ಲಿಗೆ ಬರುವಾಗ ಬರೀ 'ರೈಝೆನ್ 5, ಆರು ಕೋರ್' ಎಂದಾಗಿದೆ. ಮಾದರಿಯ ಸಂಖ್ಯೆ ಬಿಟ್ಟುಹೋದದ್ದು ಕೈತಪ್ಪಿನಿಂದ ಎಂದು ನಾನು ನಂಬುವುದಿಲ್ಲ.

ಎರಡೂ 2022ರ ಏಪ್ರಿಲ್‌ನಲ್ಲಿ ಬಂದವು, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ ಇವೆ ಎಂಬುದು ನನಗೆ ಗೊತ್ತು. ಆದರೆ 5600ರಲ್ಲಿ ಎಲ್3 ಕ್ಯಾಶೆ, ಅಂದರೆ ಪ್ರೊಸೆಸರಿನೊಳಗಿನ ವೇಗದ ಮೆಮೊರಿ, 32 ಎಂಬಿ ಇದ್ದರೆ 5500ರಲ್ಲಿ ಇರುವುದು 16 ಎಂಬಿ. ಅದಕ್ಕಿಂತ ಮುಖ್ಯವಾಗಿ, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐಇಯಲ್ಲಿ 5600 ಹೊಸ 4.0ಕ್ಕೆ ಹೊಂದುತ್ತದೆ, 5500 ಹಳೆಯ 3.0ರಲ್ಲೇ ನಿಲ್ಲುತ್ತದೆ. ನಮ್ಮ ಹಣಕ್ಕೆ ಎಟುಕಿದ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ. ಅದಕ್ಕೆ ಆ ದಾರಿಯಲ್ಲಿ ಇರುವುದು ನಾಲ್ಕೇ ಲೇನ್ (ಸಾಲು), 4 ಜಿಬಿ ಮೆಮೊರಿ. 4.0ರಲ್ಲಿ ಆ ನಾಲ್ಕು ಲೇನ್‌ಗಳಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿದರೆ, 3.0ರಲ್ಲಿ ಸಾಗುವುದು ಅದರ ಅರ್ಧ. ಆಟವೊಂದು 4 ಜಿಬಿ ಮೀರಿ ಮೆಮೊರಿ ಕೇಳಿದ ಕೂಡಲೇ ಕಾರ್ಡ್ ಅದೇ ದಾರಿಯಲ್ಲಿ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕಾಗುತ್ತದೆ, ಚಿತ್ರ ತಡವರಿಸುತ್ತದೆ. ನಿಮ್ಮವರು ಮೊದಲು ತೋರಿಸಿದ 5600ಜಿ ಎಂಬ ಬೇರೆ ಪ್ರೊಸೆಸರನ್ನು ನಾನು ಬೇಡವೆಂದದ್ದೂ ಈ ಕಾರಣಕ್ಕೇ; ಅದೂ 3.0, ಅದರಲ್ಲೂ 16 ಎಂಬಿ. ದೊಡ್ಡ ಕಾರ್ಡ್ ಕೊಳ್ಳಬಲ್ಲವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟಲಿಕ್ಕಿಲ್ಲ. ಕಡಿಮೆ ಹಣದಲ್ಲಿ ಕಂಪ್ಯೂಟರ್ ಕಟ್ಟುವವರಿಗೇ ಇದು ಹೆಚ್ಚು ತಟ್ಟುತ್ತದೆ, ಮತ್ತು ನೀವು ಬದಲಿಸಿಕೊಟ್ಟದ್ದು ಅಂಥವರಿಗೇ.

ಮನೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗ 5500 ಎಂಬ ಹೆಸರೂ 16 ಎಂಬಿ ಎಂಬ ಅಂಕಿಯೂ ಕಂಡವು. ಕ್ಯಾಬಿನೆಟ್ಟನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಪಡುಬಿದ್ರಿಯಿಂದ ನಿಮ್ಮ ಮಳಿಗೆಗೆ ತಂದೆ. ಕೌಂಟರಿನಲ್ಲಿದ್ದ ಯುವಕ ಅದನ್ನು ತೆರೆದೂ ನೋಡದೆ, "ಅದೂ ಸಿಕ್ಸ್ ಕೋರ್, ಇದೂ ಸಿಕ್ಸ್ ಕೋರ್. ಎಂಥ ವ್ಯತ್ಯಾಸ ಉಂಟು ಅಕ್ಕ?" ಎಂದರು. ಮೇಲೆ ಬರೆದದ್ದನ್ನೇ ನಾನು ಹೇಳತೊಡಗಿದೆ. ಅರ್ಧಕ್ಕೇ ತಡೆದು, "ತಮ್ಮನನ್ನು ಕಳಿಸಿ, ಅವನಿಗಾದ್ರೆ ಹೇಳಿದ್ರೆ ಗೊತ್ತಾಗ್ತದೆ" ಎಂದರು. ಹಣ ಕೊಟ್ಟವಳೂ ಪ್ರೊಸೆಸರ್ ಆರಿಸಿದವಳೂ ನಾನೇ ಎಂದೆ. ಅವರು ಒಳಗಿದ್ದವರ ಕಡೆ ತಿರುಗಿ ತುಳುವಿನಲ್ಲಿ, ಈ ಅಕ್ಕನಿಗೆ ಯೂಟ್ಯೂಬ್ ನೋಡಿ ತಲೆ ಕೆಟ್ಟಿದೆ ಎಂದು ಹೇಳಿದರು. ತುಳು ನನ್ನ ಮನೆಮಾತು. ಒಳಗಿನಿಂದ ನಗು ಕೇಳಿತು. ಪಕ್ಕದಲ್ಲಿ ಪ್ರಿಂಟರ್ ನೋಡುತ್ತಿದ್ದ ದಂಪತಿಯೂ ತಿರುಗಿ ನನ್ನನ್ನು ನೋಡಿದರು. ಬಳಿಕ ಒಳಗಿನಿಂದ ಬಂದ ಹಿರಿಯರೊಬ್ಬರು, "ಪೇಸ್ಟ್ ಹಾಕಿದ್ದನ್ನು ತಕ್ಕೊಳ್ಳಲಿಕ್ಕಾಗುವುದಿಲ್ಲ ಮಾರಾಯ್ರೆ, ಪಿನ್ ಬಗ್ಗಿದ್ರೆ ಯಾರು ಜವಾಬ್ದಾರಿ?" ಎಂದು ನನ್ನನ್ನೇ ಕೇಳಿದರು. ಈ ಪ್ರೊಸೆಸರಿನ ಪಿನ್ನುಗಳು ಸೂಕ್ಷ್ಮ, ನಿಜ. ಆದರೆ ಪ್ರೊಸೆಸರಿನ ಶಾಖ ಸಾಗಿಸಲು ಹಚ್ಚುವ ಆ ಪೇಸ್ಟ್ ಹಚ್ಚಿದವರು ಯಾರು? ತಪ್ಪು ಪ್ರೊಸೆಸರನ್ನು ನನ್ನ ಬೆನ್ನ ಹಿಂದೆ ಕೂರಿಸಿ, ಕೂರಿಸಿಯಾಯಿತು ಎಂಬುದನ್ನೇ ಹಿಂಪಡೆಯದಿರಲು ಕಾರಣವಾಗಿ ಕೊಡುವುದು ಯಾವ ನ್ಯಾಯ? ಕೊನೆಗೆ ಆ ಯುವಕ ಕ್ಯಾಬಿನೆಟ್ಟನ್ನು ಕೌಂಟರಿನಿಂದ ಕೆಳಗಿಳಿಸಿ ನೆಲದ ಮೇಲಿಟ್ಟು, ಮುಂದಿನ ಗ್ರಾಹಕರನ್ನು ಕರೆದರು. ಎತ್ತಿಕೊಡಲು ಯಾರೂ ಬರಲಿಲ್ಲ.

5500 ಕೆಟ್ಟ ಪ್ರೊಸೆಸರ್ ಎಂದು ನಾನು ಹೇಳುತ್ತಿಲ್ಲ. ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಏಳು ದಿನಗಳೊಳಗೆ ನಿಮ್ಮ ಖರ್ಚಿನಲ್ಲಿ, ನಿಮ್ಮ ಜವಾಬ್ದಾರಿಯಲ್ಲಿ, ಮುದ್ರೆ ಒಡೆಯದ ಪೆಟ್ಟಿಗೆಯನ್ನು ನನ್ನೆದುರೇ ತೆರೆದು 5600ನ್ನು ಹಾಕಿಕೊಡಬೇಕು. ಮಾದರಿಯ ಸಂಖ್ಯೆಯಿರುವ ಹೊಸ ಬಿಲ್ ಕೊಡಬೇಕು. ಬೆಲೆಯ ವ್ಯತ್ಯಾಸ ಹಿಂದಿರುಗಿಸುತ್ತೇವೆ ಎಂಬ ಮಾತು ಈಗ ಬೇಡ. ಅದನ್ನು ಹೇಳುವ ಅವಕಾಶ ನಿಮಗೆ ಕೌಂಟರಿನಲ್ಲಿ ಇತ್ತು. ವಸ್ತುವಿನ ಮಾದರಿಯ ಬಗ್ಗೆ ಸುಳ್ಳು ಹೇಳಿ ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಅದೇ ಕಾಯ್ದೆಯ ಪ್ರಕಾರ ನಾನು ವಾಸಿಸುವ ಉಡುಪಿ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ನೀವೇ ಅಲ್ಲಿಗೆ ಬರಬೇಕಾಗುತ್ತದೆ. ಐದು ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡುತ್ತೇನೆ. ಕೊಟೇಶನ್, ಬಿಲ್, ಟಾಸ್ಕ್ ಮ್ಯಾನೇಜರಿನ ಚಿತ್ರ ಮೂರರ ಪ್ರತಿಯನ್ನೂ ಲಗತ್ತಿಸಿದ್ದೇನೆ. ಆಯೋಗದ ಮುಂದೆ ನಾನು ಕೇಳುವುದು ಪ್ರೊಸೆಸರನ್ನಷ್ಟೇ ಅಲ್ಲ; ಕೌಂಟರಿನಲ್ಲಿ ಆದ ಅವಮಾನಕ್ಕೂ ಪರಿಹಾರ ಕೇಳುತ್ತೇನೆ, ಆ ಯುವಕನ ಮಾತನ್ನು ಅಕ್ಷರಶಃ ದಾಖಲಿಸುತ್ತೇನೆ.

ಉತ್ತರವನ್ನು ಬರಹದಲ್ಲಿ, ನನ್ನ ಹೆಸರಿಗೇ ಕಳುಹಿಸಿ. ತಮ್ಮನಿಗೆ ಕರೆ ಮಾಡಬೇಡಿ.

ಇತಿ,
ನಿಮ್ಮ ಗ್ರಾಹಕಿ,
ಪಡುಬಿದ್ರಿ