ಬೆಳೆ ಕೈಕೊಟ್ಟ ವರ್ಷವೇ ಕೆಸರುಗದ್ದೆ ಆಟ ಬೇಕು

ಮಾನ್ಯ ಸಂಪಾದಕರೇ,

ಎಲೆಚುಕ್ಕಿ ರೋಗದಿಂದ ಅಡಿಕೆ ತೋಟಗಳು ಸೊರಗಿರುವ ಕಾರಣ ಈ ಮಳೆಗಾಲ ಕೆಸರುಗದ್ದೆ ಕ್ರೀಡಾಕೂಟ ಬೇಡವೆಂದು ನಮ್ಮೂರಿನ ಹಿರಿಯರು ತೀರ್ಮಾನಿಸಿದ್ದಾರೆ. ಅಕ್ಕಪಕ್ಕದ ಊರುಗಳಲ್ಲೂ ಇದೇ ಮಾತು ನಡೆಯುತ್ತಿದೆ. ‘ತಲೆಯ ಮೇಲೆ ಸಾಲ ಇಟ್ಟುಕೊಂಡು ಕೆಸರಿನಲ್ಲಿ ಕುಣಿದರೆ ನೋಡಿದವರು ಏನೆಂದಾರು’ ಎಂಬುದು ಅವರ ಕಾಳಜಿ. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ತೀರ್ಮಾನವನ್ನು ಒಪ್ಪಲಾರೆ. ಆಟ ಬೇಕಾಗಿರುವುದು ಇಂಥ ವರ್ಷದಲ್ಲೇ.

ನಾನು ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಅಡಿಕೆ ಬೆಳೆಗಾರ ಮನೆತನದವಳು. ನಷ್ಟದ ಬಿಸಿ ತಾಗದೆ ಬರೆಯುತ್ತಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನಾದರೂ ಅಜ್ಜಂದಿರ ಕಾಲದಿಂದ ಬಲ್ಲೆವು. ಮಳೆ ಬಿಡುವು ಕೊಟ್ಟು ಹೊಳವಾದಾಗ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸಿದರೆ ಒಂದಿಷ್ಟು ಗೊನೆ ಉಳಿಯುತ್ತದೆ. ಎಲೆಚುಕ್ಕಿ ಹಾಗಲ್ಲ. ಸೋಗೆಯಲ್ಲಿ ಸಣ್ಣ ಕಂದು ಚುಕ್ಕಿಯಾಗಿ ಶುರುವಾಗಿ, ಚುಕ್ಕಿಗೆ ಚುಕ್ಕಿ ಕೂಡಿಕೊಂಡು ಇಡೀ ಸೋಗೆ ಒಣಗಿ ಜೋತುಬೀಳುತ್ತದೆ. ಶಿಲೀಂಧ್ರ ಗಾಳಿಯಲ್ಲಿ, ಮಳೆಹನಿಯಲ್ಲಿ ಹರಡುವುದರಿಂದ ಒಬ್ಬರೇ ಔಷಧಿ ಹೊಡೆಸಿದರೆ ಸಾಲದು. ಪಕ್ಕದ ತೋಟದವರು ಬಿಟ್ಟರೆ ನಮ್ಮದೂ ಹೋಯಿತು. ಹಾಗಾಗಿ ಮನೆಮನೆಗಳ ನಡುವೆ ‘ನಿಮ್ಮಿಂದಲೇ ಆಯಿತು’ ಎಂಬ ಮುನಿಸು ಬೆಳೆದಿದೆ. ತೋಟದ ನಷ್ಟ ಲೆಕ್ಕಕ್ಕೆ ಸಿಗುತ್ತದೆ, ಈ ಮುನಿಸಿನದು ಸಿಗುವುದಿಲ್ಲ.

ಹೋದ ವರ್ಷ ಆಷಾಢದ ಮಳೆ ಹಿಡಿದು ಕರೆಂಟು ಹೋಗಿತ್ತು. ನಮ್ಮ ಯಜಮಾನರು ಜಗಲಿಯಲ್ಲಿ ತೋಟದ ಕಡೆ ಮುಖ ಮಾಡಿ ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಂದು ಸಂಜೆ ಅತ್ತೆಯವರು ಅಟ್ಟದಿಂದ ಚನ್ನೆಮಣೆ, ಅಂದರೆ ಗುಳಿಗಳಲ್ಲಿ ಬೀಜ ಹಾಕಿ ಆಡುವ ಮರದ ಮಣೆ, ಇಳಿಸಿ, ಹೊಗೆ ಹಿಡಿದು ಕಪ್ಪಾಗಿದ್ದ ಅದನ್ನು ಸೆರಗಿನಿಂದ ಒರೆಸಿ ಮಗನ ಎದುರಿಗಿಟ್ಟರು. ಸಾಲಿಗೆ 7ರಂತೆ 14 ಗುಳಿ, ಗುಳಿಗೆ 4ರಂತೆ ಹುಣಸೆ ಬೀಜ. ‘ಆಡು’ ಎಂದರು, ಅಷ್ಟೇ. ತಾಯಿಗೆ ಬೇಡವೆನ್ನಲಾರದೆ ಆಡಿದರು, ಸೋತರು. ಸೋತವರು ಅಲ್ಲಿಗೇ ಏಳುವ ಆಟವಲ್ಲ ಇದು. ಕೈಯಲ್ಲಿ ಉಳಿದ ಬೀಜಕ್ಕೆ ಎಷ್ಟು ಗುಳಿ ತುಂಬುತ್ತದೋ ಅಷ್ಟನ್ನು ತುಂಬಿ, ಮಿಕ್ಕ ಗುಳಿಗಳನ್ನು ಖಾಲಿ ಬಿಟ್ಟು ಮತ್ತೆ ಆಡಬೇಕು. ಹಾಗೆ ಆಡುತ್ತಾ ಆಡುತ್ತಾ ಮಣೆಯ ಬೀಜವನ್ನೆಲ್ಲ ವಾಪಸು ಗೆದ್ದುಕೊಂಡವರನ್ನು ನಾನೇ ಕಂಡಿದ್ದೇನೆ. ಯಜಮಾನರು ‘ಅಮ್ಮಾ, ನೀನು ಗುಳಿಯ ಬೀಜ ಎಣಿಸಿ ಆಡುತ್ತೀಯ’ ಎಂದು ತಕರಾರು ತೆಗೆದರು. ಎಪ್ಪತ್ತು ದಾಟಿದ ಅತ್ತೆ, ‘ಸೋತವರಾಡುವ ಮಾತು ಅದು, ಬಾಯಿ ಮುಚ್ಚಿಕೊಂಡು ಬೀಜ ಹಾಕು’ ಎಂದರು. ಒಳಗೆ ಒಲೆಯ ಮುಂದಿದ್ದ ನನಗೆ ಆ ಜಗಳ ಕೇಳಿ ಆದ ಸಮಾಧಾನ ಅಷ್ಟಿಷ್ಟಲ್ಲ. ಆ ಮನುಷ್ಯ ಅಷ್ಟು ಗಟ್ಟಿಯಾಗಿ ಮಾತನಾಡಿ ಬಹಳ ದಿನವಾಗಿತ್ತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದಾಗ, ಆ ಕಡೆಗೆ ಮದುವೆಯಾಗಿ ಹೋದ ನನ್ನ ತಂಗಿ ಕಾಯಿಲೆ ಹರಡುವ ಉಣುಗಿನ ಹೆದರಿಕೆಗೆ ಮಕ್ಕಳನ್ನು ಕಾಡಿನಂಚಿಗೇ ಬಿಡುತ್ತಿರಲಿಲ್ಲ. ಅಂಗಳದಲ್ಲೇ ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುತ್ತಿದ್ದಳು. ಆ ಬೇಸಿಗೆಯ ಬಗ್ಗೆ ಕೇಳಿದರೆ ಮಕ್ಕಳು ಈಗಲೂ ಹಾಳೆಯ ಸವಾರಿಯನ್ನೇ ಹೇಳುತ್ತಾರೆ.

ಇನ್ನು ಕೆಸರುಗದ್ದೆ. ಹೋದ ಸಲ ಹೆಂಗಸರ ಹಗ್ಗಜಗ್ಗಾಟದಲ್ಲಿ, ಔಷಧಿ ಹೊಡೆಸುವ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ಮನೆಯವರು ಒಂದೇ ಕಡೆಗೆ ಬಂದರು. ಚೀಟಿ ಎತ್ತಿದ್ದು ಹಾಗೆ ಬಂತು, ಯಾರೂ ಹೂಡಿದ್ದಲ್ಲ. ಹಗ್ಗ ಜಾರಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಾಗ ಆ ಇಬ್ಬರೂ ಪರಸ್ಪರ ಕೈ ಹಿಡಿದೇ ಏಳಬೇಕಾಯಿತು. ಮೊಣಕಾಲುದ್ದದ ಕೆಸರಿನಲ್ಲಿ ಬೇರೆ ದಾರಿ ಇರಲಿಲ್ಲ. ಆಮೇಲೆ ಎರಡೂ ತೋಟಕ್ಕೆ ಒಂದೇ ಹೊಳವಿನಲ್ಲಿ ಔಷಧಿ ಬಿತ್ತು. ಕೃಷಿ ಸಭೆಗಳಲ್ಲಿ ಎಷ್ಟು ಹೇಳಿದರೂ ಆಗದ ಕೆಲಸವದು.

ಖರ್ಚಿನ ಮಾತು ಬಂದರೆ, ಶಾಮಿಯಾನ, ಮೈಕು, ಅತಿಥಿಗಳ ಹಾರ ಶಾಲು, ನಗದು ಬಹುಮಾನ ಇವು ಯಾವುವೂ ಬೇಡ. ಎಲ್ಲವೂ ಒಳ್ಳೆಯ ವರ್ಷಗಳಲ್ಲಿ ಬಂದು ಸೇರಿಕೊಂಡವು. ಗೆದ್ದವರಿಗೆ ಒಂದು ಬಾಳೆಗೊನೆ ಸಾಕು. ಆಟ ಆಡಿದರೆ ರೋಗ ವಾಸಿಯಾಗುವುದಿಲ್ಲ, ಸಾಲ ತೀರುವುದಿಲ್ಲ ಎಂಬುದು ನನಗೂ ಗೊತ್ತು. ಪರಿಹಾರ ಕೊಡಿ, ರೋಗಕ್ಕೆ ಮದ್ದು ಹುಡುಕಿ ಎಂದು ಸರ್ಕಾರವನ್ನು ಕೇಳುತ್ತಲೇ ಇರಬೇಕು. ಕೇಳುವುದಕ್ಕೂ ತ್ರಾಣ ಬೇಕಲ್ಲ? ಬಾಗಿಲು ಹಾಕಿಕೊಂಡು ಒಳಗೆ ಕುಳಿತವರಿಗೆ ಅದು ಎಲ್ಲಿಂದ ಬರಬೇಕು?

ಹಿರಿಯರು ಇನ್ನೊಮ್ಮೆ ಸಭೆ ಸೇರಲಿ ಎಂದು ಕೈಮುಗಿದು ಕೇಳುತ್ತೇನೆ. ಗದ್ದೆಯ ಚಿಂತೆ ಬೇಡ. ನಮ್ಮ ಮನೆ ಕೆಳಗಿನ ಗದ್ದೆ ಭತ್ತದ ನೆಟ್ಟಿಗೆ ಹದವಾಗಿದೆ, ಒಂದು ವಾರ ನೆಟ್ಟಿ ಮುಂದೂಡಲು ಯಜಮಾನರು ಒಪ್ಪಿದ್ದಾರೆ. ಹಗ್ಗ ನಮ್ಮ ಸ್ವಸಹಾಯ ಸಂಘದ ಹೆಂಗಸರದು. ಮಧ್ಯಾಹ್ನಕ್ಕೆ ಗಂಜಿ, ಉಪ್ಪಿನಕಾಯಿ ನಮ್ಮ ಮನೆಯಿಂದ.

ಅಡಿಕೆ ಬೆಳೆಗಾರ ಮಹಿಳೆ,
ನಗರ ಹೋಬಳಿ, ಹೊಸನಗರ ತಾಲ್ಲೂಕು