ಡಾಕ್ಟರ್ ಹೇಳಿದ್ದರು ಅಂದರೆ ಸಾಲದು, ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅವಸರದಲ್ಲಿ ಏನೋ ಹೇಳಿ ಮುಗಿಸಿಬಿಟ್ಟೆ. "ಬರೆಯುವವರು ಡಾಕ್ಟರ್, ಬರೆದದ್ದನ್ನು ಕೊಡುವವರು ನಾವು. ಮತ್ತೆ ತಪ್ಪು ನಮ್ಮ ತಲೆಗೆ ಯಾಕೆ ಬರಬೇಕಮ್ಮ?" ಅಂದೆಯಲ್ಲ, ಅದಕ್ಕೆ ಎರಡು ಮಾತಿನ ಉತ್ತರ ಇಲ್ಲ. ಇನ್ನೇನು ನೀನು ನರ್ಸ್ ಆಗಿ ಕೆಲಸಕ್ಕೆ ಸೇರುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡ.

ಈ ಪ್ರಶ್ನೆ ನಿನ್ನದೊಬ್ಬಳದಲ್ಲ. ನರ್ಸ್‌ಗಳ ಅಂತರರಾಷ್ಟ್ರೀಯ ಮಂಡಳಿ 1953ರಲ್ಲಿ ಮೊದಲ ನೀತಿಸಂಹಿತೆ ತಂದಾಗ, ವೈದ್ಯರ ಆದೇಶವನ್ನು ಬುದ್ಧಿ ಓಡಿಸಿ, ನಿಷ್ಠೆಯಿಂದ ಪಾಲಿಸಬೇಕು ಎಂದು ಅದರಲ್ಲಿ ಇತ್ತು. ಅನೀತಿಯ ಕೆಲಸಕ್ಕೆ ಕೈ ಹಾಕಬಾರದು ಎಂದೂ ಇತ್ತು, ಆದರೆ ಜನ ಮೊದಲ ಅರ್ಧವನ್ನೇ ಹೆಚ್ಚು ನೆನಪಿಟ್ಟುಕೊಂಡರು ಅಂತ ನನಗನ್ನಿಸುತ್ತದೆ. 1973ರಲ್ಲಿ ಆ ಮಾತು ಹೋಯಿತು. ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರ ಕಡೆಗೆ ಎಂದು ಬಂತು. 2021ರಲ್ಲಿ ಸಂಹಿತೆಯನ್ನು ಮತ್ತೆ ತಿದ್ದಿದಾಗಲೂ ಅದು ಅಲ್ಲಾಡಲಿಲ್ಲ. ಅಂದರೆ ನೀನು ಉತ್ತರ ಕೊಡಬೇಕಾದ್ದು ಹಾಸಿಗೆಯ ಮೇಲೆ ಮಲಗಿರುವವರಿಗೆ. ರೌಂಡ್ಸ್‌ಗೆ ಬರುವವರಿಗೆ ಆಮೇಲೆ.

ಇದು ಬರೀ ನೀತಿಯ ಮಾತು ಅಂದುಕೊಳ್ಳಬೇಡ, ಕೋರ್ಟೂ ಇದನ್ನೇ ಹೇಳಿದೆ. 1960ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 18 ವರ್ಷದ ಹುಡುಗನೊಬ್ಬ ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಸ್ವಲ್ಪ ಹೊತ್ತಿಗೇ ನೋವು ಜಾಸ್ತಿಯಾಯಿತು. ಕಾಲ್ಬೆರಳು ಊದಿದವು, ಕಪ್ಪಾದವು, ತಣ್ಣಗಾದವು, ಮುಟ್ಟಿದರೆ ಗೊತ್ತಾಗದಂತಾದವು. ನಿನಗೆ ಇದನ್ನು ಓದುವಾಗಲೇ ಕೈ ಚುರುಗುಟ್ಟುತ್ತದೆ, ಅಲ್ವಾ? ರಕ್ತ ಓಡುತ್ತಿಲ್ಲ ಎಂದು ಕೂಗಿ ಹೇಳುವ ಲಕ್ಷಣಗಳು ಅವು. ಡಾಕ್ಟರ್ ಪ್ಲಾಸ್ಟರನ್ನು ಅಲ್ಲಲ್ಲಿ ಕತ್ತರಿಸಿದರು, ಆದರೆ ಸಾಕಾಗಲಿಲ್ಲ. ಕೋಣೆಯಲ್ಲಿ ವಾಸನೆ ಬರುತ್ತಿದ್ದರೂ ದಿನಗಳು ಹಾಗೇ ಹೋದವು. ಕೊನೆಗೆ ಬೇರೆ ಆಸ್ಪತ್ರೆಗೆ ಸಾಗಿಸಿದಾಗ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು.

1965ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಕೇಸಿನಲ್ಲಿ ಹೇಳಿದ್ದನ್ನು ಗಮನವಿಟ್ಟು ಓದು. ನರ್ಸ್‌ಗಳು ಬೇಕಾದಷ್ಟು ಸಲ ಆ ಕಾಲಿನ ರಕ್ತಸಂಚಾರ ನೋಡಲಿಲ್ಲ ಎಂದು ಜ್ಯೂರಿ, ಅಂದರೆ ತೀರ್ಪು ಕೊಡಲು ಕೂರಿಸಿದ ಸಾಮಾನ್ಯ ನಾಗರಿಕರು, ತೀರ್ಮಾನಿಸಲು ಅಲ್ಲಿ ಸಾಕಷ್ಟು ಆಧಾರ ಇತ್ತು. ಅಪಾಯ ಕಂಡ ಕೂಡಲೇ ಡಾಕ್ಟರಿಗೆ ತಿಳಿಸುವುದು ನರ್ಸ್‌ಗಳ ಕೆಲಸ. ಡಾಕ್ಟರ್ ಏನೂ ಮಾಡದೇ ಹೋದರೆ ಆಸ್ಪತ್ರೆಯ ಆಡಳಿತಕ್ಕೆ ತಿಳಿಸುವುದೂ ಅವರ ಕೆಲಸವೇ. ಆ ಎರಡನೆಯ ಮಾತಿನಲ್ಲೇ ನಿನ್ನ ಪ್ರಶ್ನೆಗೆ ಉತ್ತರ ಇದೆ. ಒಂದು ಸಲ ಫೋನ್ ಮಾಡಿದೆ, "ಆಮೇಲೆ ನೋಡ್ತೀನಿ" ಅಂದರು, ನನ್ನ ಕೆಲಸ ಮುಗಿಯಿತು ಎಂದು ಕೂರುವ ಹಾಗಿಲ್ಲ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳು. ಅವರೂ ಸುಮ್ನಿದ್ದರೆ ಅವರ ಮೇಲಿನವರಿಗೆ ಹೇಳು. ಯಾರಿಗೆ, ಎಷ್ಟು ಗಂಟೆಗೆ ಹೇಳಿದೆ, ಅವರು ಏನಂದರು ಎಂದು ಕೇಸ್ ಶೀಟಿನಲ್ಲಿ ಬರೆ. ಸಿಟ್ಟಿನ ಮಾತು, ದೂರು ಅಲ್ಲಿ ಬೇಡ. ಕಂಡದ್ದು, ಮಾಡಿದ್ದು, ಹೇಳಿದ್ದು ಇಷ್ಟೇ ಸಾಕು.

ಕಾನೂನು ನಿನ್ನನ್ನು ಅಳೆಯುವುದು ಪ್ರಪಂಚದ ಅತ್ಯುತ್ತಮ ನರ್ಸ್ ಜೊತೆ ಇಟ್ಟು ಅಲ್ಲ. ಅದೇ ಓದು, ಅದೇ ಅನುಭವ ಇರುವ ಸಾಮಾನ್ಯ ಜವಾಬ್ದಾರಿಯ ನರ್ಸ್ ಅದೇ ಸಂದರ್ಭದಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳುತ್ತದೆ. ದೇಶದಿಂದ ದೇಶಕ್ಕೆ ವಿವರ ಬೇರೆಯಾದರೂ, ನಿರ್ಲಕ್ಷ್ಯ ಎನ್ನಲು ಹೆಚ್ಚಿನ ಕಡೆ ನಾಲ್ಕು ವಿಷಯ ತೋರಿಸಬೇಕು. ಆ ರೋಗಿಯ ಹೊಣೆ ನಿನ್ನದಾಗಿತ್ತು, ಮಾಡಬೇಕಾದ್ದನ್ನು ನೀನು ಮಾಡಲಿಲ್ಲ, ರೋಗಿಗೆ ಹಾನಿಯಾಯಿತು, ಆ ಹಾನಿ ಆದದ್ದು ಅದರಿಂದಲೇ. ಹಾಗಾಗಿ ರೋಗಿಗೆ ಏನಾದರೂ ಆದ ಮಾತ್ರಕ್ಕೆ ನೀನು ತಪ್ಪಿತಸ್ಥೆ ಆಗುವುದಿಲ್ಲ. ಹೊಸಬರು ಇದನ್ನು ಮರೆತು ಸುಮ್ನೆ ಹೆದರಿ ಸಾಯುತ್ತಾರೆ.

ಔಷಧಿಯ ವಿಷಯಕ್ಕೆ ಬರುತ್ತೇನೆ. ಸರಿಯಾದ ರೋಗಿ, ಔಷಧಿ, ಪ್ರಮಾಣ, ಕೊಡುವ ದಾರಿ (ಬಾಯಿಗೋ, ಸೂಜಿಯಲ್ಲೋ), ಸಮಯ ಅಂತ ಕಾಲೇಜಿನಲ್ಲಿ ಗಿಣಿಪಾಠ ಮಾಡಿಸಿರುತ್ತಾರೆ. ಬಾಯಿಪಾಠ ಬೇರೆ, ಒಂದು ಕಡೆ ಡ್ರಿಪ್ ಮುಗಿದು ಇನ್ನೊಂದು ಕಡೆ ಯಾರೋ ಕರೆಯುತ್ತಿರುವಾಗ ಲೇಬಲ್ ಓದುವುದೇ ಬೇರೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸೀಯಲ್ಲಿ ಒಬ್ಬ ನರ್ಸ್ ಔಷಧಿ ಕೊಡುವ ಯಂತ್ರದಲ್ಲಿ ಮೊದಲ ಎರಡು ಅಕ್ಷರ ಒತ್ತಿ, ಬಂದದ್ದನ್ನು ತೆಗೆದುಕೊಂಡರು. ಬೇಕಿದ್ದದ್ದು ವರ್ಸೆಡ್, ಆತಂಕ ಕಡಿಮೆ ಮಾಡುವ ಔಷಧಿ. ಕೈಗೆ ಬಂದದ್ದು ವೆಕ್ಯುರೋನಿಯಂ, ಉಸಿರಾಡುವ ಸ್ನಾಯುಗಳನ್ನೂ ಸೇರಿಸಿ ಎಲ್ಲವನ್ನೂ ನಿಶ್ಚಲ ಮಾಡುವಂಥದ್ದು. ವರ್ಸೆಡ್ ದ್ರವ, ಇದು ಪುಡಿ, ಕಲಸಿ ಕೊಡಬೇಕು. ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು. ರೋಗಿ ತೀರಿಕೊಂಡರು. 2022ರಲ್ಲಿ ಆ ನರ್ಸ್ ಮೇಲೆ ಕ್ರಿಮಿನಲ್ ಅಪರಾಧ ಸಾಬೀತಾಗಿ, ಜೈಲಿನ ಬದಲು ಮೂರು ವರ್ಷದ ಪ್ರೊಬೇಷನ್, ಅಂದರೆ ಹೊರಗಿದ್ದೇ ಕೋರ್ಟಿನ ನಿಗಾದಲ್ಲಿ ಇರುವ ಶಿಕ್ಷೆ, ಆಯಿತು. ಲೈಸೆನ್ಸ್ ಅದಕ್ಕೂ ಮೊದಲೇ ಹೋಗಿತ್ತು.

ತಪ್ಪನ್ನು ಅವರು ಮುಚ್ಚಿಡಲಿಲ್ಲ, ತಾವೇ ಒಪ್ಪಿಕೊಂಡಿದ್ದರು. ಹೀಗೆ ಶಿಕ್ಷೆ ಕೊಟ್ಟರೆ ಮುಂದೆ ಯಾರೂ ತಪ್ಪು ಹೇಳಿಕೊಳ್ಳುವುದಿಲ್ಲ ಎಂದು ನರ್ಸ್‌ಗಳ ಸಂಘಟನೆಗಳು ಆಗ ಎಚ್ಚರಿಸಿದವು. ನಾನೂ ಅವರ ಪರ. ಕೈತಪ್ಪಿದ್ದು ಬೇರೆ, ಗೊತ್ತಿದ್ದೂ ನಿಯಮ ಹಾರಿಸಿ ಅಭ್ಯಾಸ ಮಾಡಿಕೊಂಡದ್ದು ಬೇರೆ, ಬೇಕೆಂದೇ ಉಡಾಫೆ ಮಾಡಿದ್ದು ಬೇರೆ. ಎಲ್ಲಕ್ಕೂ ಒಂದೇ ದೊಣ್ಣೆ ಬೀಸುವ ಕಡೆ ತಪ್ಪುಗಳು ಕಡಿಮೆಯಾಗುವುದಿಲ್ಲ, ಬರೀ ಅಡಗುತ್ತವೆ. ಆದರೂ ನಿನಗೆ ಹೇಳುವುದು ಇಷ್ಟೇ. ತಪ್ಪಾದರೆ ಮೊದಲು ರೋಗಿಯನ್ನು ನೋಡು, ಆಮೇಲೆ ಡಾಕ್ಟರಿಗೂ ಇನ್‌ಚಾರ್ಜ್‌ಗೂ ತಕ್ಷಣ ಹೇಳು, ಘಟನೆಯ ವರದಿ ಬರೆದುಕೊಡು. ಮುಚ್ಚಿಟ್ಟರೆ ರೋಗಿಗೆ ಸಿಗಬೇಕಾದ ಚಿಕಿತ್ಸೆ ತಡವಾಗುತ್ತದೆ. ಇನ್ಸುಲಿನ್, ಹೆಪಾರಿನ್, ಗಾಢ ಪೊಟ್ಯಾಸಿಯಂ ಕ್ಲೋರೈಡ್, ಮಾರ್ಫಿನ್‌ನಂಥ, ಪ್ರಮಾಣ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಔಷಧಿ ಕೈಗೆತ್ತಿಕೊಂಡಾಗ ಮಾತ್ರ ಇನ್ನೊಬ್ಬರನ್ನು ಕರೆದು ಬೇರೆಯಾಗಿ ಲೆಕ್ಕ ಹಾಕಿಸು. "ನಾನು ನೋಡಿದೆ, ನೀನೂ ಸಹಿ ಹಾಕು" ಅಂದರೆ ಅದು ಪರೀಕ್ಷೆ ಅಲ್ಲ. ಫೋನಿನಲ್ಲಿ ಬಂದ ಆರ್ಡರ್ ಇದ್ದರೆ ಬರೆದುಕೊಂಡು, ಅದನ್ನೇ ಅವರಿಗೆ ಓದಿ ಹೇಳಿ, ಹೌದು ಅನ್ನಿಸಿಕೋ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಬರವಣಿಗೆಯ ಬಗ್ಗೆ ನಿಮ್ಮ ಟೀಚರ್‌ಗಳು ಸಾಕಷ್ಟು ಕೊರೆದಿರುತ್ತಾರೆ, ಬೇಗ ಮುಗಿಸುತ್ತೇನೆ. ಮಾಡುವ ಮೊದಲೇ ಬರೆದಿಡಬೇಡ. ಇನ್ನೊಬ್ಬರು ಮಾಡಿದ್ದಕ್ಕೆ ನೀನು ಸಹಿ ಹಾಕಬೇಡ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಸಹಿ, ಸಮಯ ಹಾಕು. ವೈಟ್ನರ್ ಹಚ್ಚಿದ ಕೇಸ್ ಶೀಟ್ ನೋಡಿದರೆ ಯಾವ ವಕೀಲರಿಗಾದರೂ ಖುಷಿಯೋ ಖುಷಿ.

"ಈ ಒಪ್ಪಿಗೆ ಫಾರಂಗೆ ಸಹಿ ಮಾಡಿಸಿಕೊಂಡು ಬಾ" ಎಂದು ಆಪರೇಷನ್‌ಗೆ ಮೊದಲು ನಿನ್ನನ್ನು ಕಳಿಸುತ್ತಾರೆ, ನೋಡುತ್ತಿರು. ಆಪರೇಷನ್ ಏನು, ಅಪಾಯ ಏನು, ಬೇರೆ ದಾರಿ ಇದೆಯೇ ಎಂದು ವಿವರಿಸುವುದು ಅದನ್ನು ಮಾಡುವ ಡಾಕ್ಟರ ಹೊಣೆ. ಸಹಿ ಹಾಕುತ್ತಿರುವವರು ಇವರೇ, ಅರ್ಥವಾಗಿ, ಒತ್ತಡವಿಲ್ಲದೆ ಹಾಕುತ್ತಿದ್ದಾರೆ ಎಂಬುದಕ್ಕೆ ನೀನು ಸಾಕ್ಷಿ. "ಏನು ಮಾಡ್ತಾರೆ ಸಿಸ್ಟರ್?" ಎಂದು ರೋಗಿ ಕೇಳಿದರೆ ಅಲ್ಲಿಗೆ ನಿಲ್ಲಿಸು, ಡಾಕ್ಟರನ್ನು ಕರೆಸು. ನಾವೇ ಹೇಳಿದರೆ ಏನಾಯಿತು ಎಂದು ನೀನು ವಾದ ಮಾಡುತ್ತೀಯ, ಗೊತ್ತು. ಧೈರ್ಯ ಹೇಳು, ಕೇಳಿದ್ದು ಅರ್ಥವಾಯಿತೇ ಎಂದು ವಿಚಾರಿಸು. ಅದರಾಚೆ ಬೇಡ. ಸಹಿ ಹಾಕಿದ ಮೇಲೂ ಅವರು ಬೇಡ ಅನ್ನಬಹುದು. ಬೇಡ ಅಂದವರಿಗೆ ಬಲವಂತವಾಗಿ ಸೂಜಿ ಚುಚ್ಚಿದರೆ ಒಳ್ಳೆಯ ಉದ್ದೇಶ ನಿನ್ನನ್ನು ಕಾಪಾಡುವುದಿಲ್ಲ, ಹಲವು ಕಡೆ ಅದು ಹಲ್ಲೆ.

ರೋಗಿಗೆ ಮಾತೇ ಆಡಲಾಗದಿದ್ದಾಗ ಒಪ್ಪಿಗೆಯ ಈ ಮಾತು ಇನ್ನೂ ಗಟ್ಟಿ. 2017ರ ಜುಲೈನಲ್ಲಿ ಅಮೆರಿಕದ ಯೂಟಾದಲ್ಲಿ, ಅಪಘಾತದಲ್ಲಿ ಸುಟ್ಟು ಪ್ರಜ್ಞೆ ಇಲ್ಲದೆ ಮಲಗಿದ್ದವರ ರಕ್ತ ಬೇಕೆಂದು ಪೊಲೀಸರು ಬಂದರು. ಒಪ್ಪಿಗೆ ಇರಲಿಲ್ಲ, ವಾರಂಟ್ ಇರಲಿಲ್ಲ, ರೋಗಿ ಬಂಧನದಲ್ಲೂ ಇರಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ಆಸ್ಪತ್ರೆಯ ನಿಯಮವನ್ನು ಪ್ರಿಂಟ್ ತೆಗೆದು ಓದಿ ಹೇಳಿದರು, ಮೇಲಿನವರನ್ನು ಫೋನಿನಲ್ಲಿ ಮಾತಾಡಿಸಿದರು, ಕೊಡಲ್ಲ ಅಂದರು. ಪೊಲೀಸರು ಆ ನರ್ಸ್ ಕೈಗೇ ಕೋಳ ಹಾಕಿ ಎಳೆದುಕೊಂಡು ಹೋದರು. ಆಮೇಲೆ ಯಾವ ಕೇಸೂ ಹಾಕದೆ ಬಿಟ್ಟರು, ಕೆಲಸ ಹೋದದ್ದು ಆ ಪೊಲೀಸಿನವನದು. ನನಗೆ ಅವರ ಧೈರ್ಯಕ್ಕಿಂತ ಆ ಪ್ರಿಂಟ್ ಇಷ್ಟ. ನಿಯಮ ಏನು, ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಲ್ಲ ಅವರಿಗೆ ಗೊತ್ತಿತ್ತು.

ಎಲ್ಲರಿಗೂ ಅಷ್ಟು ಬೇಗ ನ್ಯಾಯ ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ಟೆಕ್ಸಾಸ್‌ನಲ್ಲಿ ಇಬ್ಬರು ನರ್ಸ್‌ಗಳು ಒಬ್ಬ ಡಾಕ್ಟರ ಚಿಕಿತ್ಸೆ ಅಪಾಯಕಾರಿ ಎಂದು ವೈದ್ಯಕೀಯ ಮಂಡಳಿಗೆ ಹೆಸರು ಹಾಕದೆ ಪತ್ರ ಬರೆದರು. ಅವರ ಕೆಲಸ ಹೋಯಿತು, ಮೇಲೆ ಕ್ರಿಮಿನಲ್ ಕೇಸ್. ಒಬ್ಬರ ಮೇಲಿನದು ವಿಚಾರಣೆಗೆ ಮೊದಲೇ ವಾಪಸಾಯಿತು. ಇನ್ನೊಬ್ಬರನ್ನು 2010ರಲ್ಲಿ ಜ್ಯೂರಿ ಒಂದು ಗಂಟೆಯೂ ತೆಗೆದುಕೊಳ್ಳದೆ ಬಿಡುಗಡೆ ಮಾಡಿತು. ಗೆದ್ದರು ಸರಿ, ಆದರೆ ಆ ತಿಂಗಳುಗಳನ್ನು ಅವರಿಗೆ ಯಾರು ಹಿಂದಕ್ಕೆ ಕೊಡುತ್ತಾರೆ? ಅದಕ್ಕೇ ಒಬ್ಬಳೇ ಮುಂದೆ ನುಗ್ಗಬೇಡ. ದಾಖಲೆ ಇಟ್ಟುಕೋ, ಜೊತೆಗೆ ಒಬ್ಬರಿರಲಿ, ಇರುವ ದಾರಿಯಲ್ಲೇ ಮೇಲಕ್ಕೆ ಹೋಗು.

ರೋಗಿಗಳ ಗುಟ್ಟು ಕಾಪಾಡುವ ವಿಷಯ ಮರೆಯುತ್ತಿದ್ದೆ. ನಿನ್ನ ವಾರ್ಡಿನ ಫೋಟೋ ಸ್ಟೇಟಸ್‌ಗೆ ಹಾಕಬೇಡ, ಹೆಸರು ಮುಚ್ಚಿದ್ದರೂ ಬೇಡ. ಪರಿಚಯದವರು ಅಡ್ಮಿಟ್ ಆದರೆಂದು ಅವರ ಫೈಲ್ ತೆರೆದು ನೋಡುವುದೂ ತಪ್ಪು. ಅವರ ಆರೈಕೆ ನಿನ್ನ ಕೆಲಸ ಅಲ್ಲದಿದ್ದರೆ ಆ ಫೈಲಿಗೂ ನಿನಗೂ ಸಂಬಂಧ ಇಲ್ಲ. ನನಗೂ ಹೇಳಬೇಡ. ನಾನು ಕೇಳಿದರೂ ಹೇಳಬೇಡ.

ಸೇರಿದ ಮೊದಲ ವಾರದಲ್ಲಿ ಮೂರು ವಿಷಯ ವಿಚಾರಿಸಿಕೋ. ಆಸ್ಪತ್ರೆಯ ನಿಯಮಗಳ ಫೈಲ್ ಎಲ್ಲಿದೆ? ರಾತ್ರಿ ಡಾಕ್ಟರ್ ಫೋನ್ ಎತ್ತದಿದ್ದರೆ ಯಾರನ್ನು ಕರೆಯಬೇಕು? ನಿನಗೆ ಕಲಿಸದ ಕೆಲಸ ಕೊಟ್ಟರೆ ಯಾರಿಗೆ ಹೇಳಬೇಕು? ಉತ್ತರ ಸಿಕ್ಕ ಮೇಲೆ ಫೋನ್ ಮಾಡು. ಸಹಿಯ ವಿಷಯದಲ್ಲಿ ನಿನ್ನ ವಾದ ಇನ್ನೂ ಬಾಕಿ ಇರುತ್ತದಲ್ಲ, ಅದನ್ನೂ ಕೇಳುತ್ತೇನೆ.

ನಿನ್ನ,
ಅಮ್ಮ