ನೋಡೋಕೆ ಚೆನ್ನಾಗೇ ಇದಾನಲ್ಲ ಅಂತಾರೆ

ಸಂಪಾದಕರೇ, ನಮಸ್ಕಾರ. ನಮ್ಮಕ್ಕನ ಮಗನಿಗೆ ಹೀಮೋಫಿಲಿಯಾ ಇದೆ, ಅಂದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಸಣ್ಣದಾಗಿ ಮಂಡಿ ತಾಗಿದ್ರೂ ಒಳಗೇ ರಕ್ತ ಸೋರಿ ಕಾಲು ಊದ್ಕೊಂಡು ಮಡಿಸೋಕೇ ಆಗಲ್ಲ. ಮೊನ್ನೆ ಬಸ್ಸಲ್ಲಿ ಅಂಗವಿಕಲರ ಸೀಟಲ್ಲಿ ಕೂತಿದ್ದ, ಯಾರೋ ಬಂದು "ನೋಡೋಕೆ ಚೆನ್ನಾಗೇ ಇದೀಯಲ್ಲ, ಏಳಪ್ಪಾ" ಅಂದ್ರಂತೆ, ಪಾಪ ಊರು ಬರೋವರೆಗೂ ಕಂಬಿ ಹಿಡ್ಕೊಂಡು ನಿಂತೇ ಬಂದಿದಾನೆ.

ಜನಕ್ಕೆ ಗಾಲಿಕುರ್ಚಿ, ಬಿಳಿ ಕೋಲು ಕಂಡ್ರೆ ಮಾತ್ರ ಅಂಗವಿಕಲರು. ಅಂಗವಿಕಲರ 1995ರ ಕಾಯ್ದೇಲಿ 7 ಬಗೆ ವೈಕಲ್ಯ ಇತ್ತು, 2016ರ ಕಾಯ್ದೇಲಿ 21 ಆಯ್ತು, ಅದ್ರಲ್ಲಿ ಹೀಮೋಫಿಲಿಯಾ, ಆಟಿಸಂ (ಬೇರೆಯವರ ಜೊತೆ ಬೆರೆಯೋಕೆ, ಮಾತಾಡೋಕೆ ಕಷ್ಟ ಆಗೋದು), ಥಲಸ್ಸೇಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ), ಪಾರ್ಕಿನ್ಸನ್ಸ್ (ಕೈಕಾಲು ನಡುಗೋ ನರದ ಕಾಯಿಲೆ), ಕಲಿಕಾ ತೊಂದರೆ, ಆಸಿಡ್ ದಾಳಿಗೆ ಸಿಕ್ಕಿದವರು ಎಲ್ಲಾ ಬರ್ತಾರೆ. ಇದ್ರಲ್ಲಿ ಕೆಲವು ಬಗೆಯವರಿಗೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ 4% ಮೀಸಲಾತಿ ಇದೆ, ಅದಕ್ಕೆ 40% ಅಥವಾ ಹೆಚ್ಚು ವೈಕಲ್ಯ ಅಂತ ಸರ್ಟಿಫಿಕೇಟ್ ಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರೋದು) ಇರೋ ಮಕ್ಕಳಿಗೆ 'ನಿರಾಮಯ' ವಿಮೇಲಿ 1 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತೆ, ಇದು ನಮ್ಮೂರಲ್ಲಿ ಎಷ್ಟು ಜನ ತಾಯಂದಿರಿಗೆ ಗೊತ್ತಿದೆ ಹೇಳಿ?

ನಮಗೂ ಗೊತ್ತಿರ್ಲಿಲ್ಲ, ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆ ಮನೆಗೇ ಬಂದು ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಅರ್ಜಿ ಹಾಕ್ಸಿದ್ರು. ದಯವಿಟ್ಟು ಆ 21ರ ಪಟ್ಟೀನ ಪ್ರತಿ ಬಸ್ಸಲ್ಲೂ, ಆ ಸೀಟಿನ ಪಕ್ಕದಲ್ಲೇ ಅಂಟಿಸಲಿ.

- ಒಬ್ಬ ಓದುಗ, ತಿಪಟೂರು